ಒಂದೇ ಲೆಕ್ಕಕ್ಕೆ ಎರಡು ಐಆರ್‌ಆರ್ ಬಂದರೆ ಏನು ಮಾಡಬೇಕು

ಹೋದ ತಿಂಗಳು ದೊಡ್ಡಪ್ಪನ ಮಗ, ನಮ್ಮಣ್ಣ, ಶ್ರೀರಂಗಪಟ್ಟಣದ ಕಡೆಯಿಂದ ಮಂಡ್ಯಕ್ಕೆ ಬಂದವನು ಸೀದಾ ನಮ್ಮ ಮನೆಗೇ ಬಂದ. ಕೈಯಲ್ಲಿ ಎಕ್ಸೆಲ್ ಶೀಟಿನ ಒಂದು ಪ್ರಿಂಟ್. ನಾಲೆ ನೀರು ಹತ್ತದ ಎತ್ತರದ ಹೊಲದಲ್ಲಿ ಮಣ್ಣು ತೆಗೆದು ಇಟ್ಟಿಗೆ ಗೂಡು ಹಾಕುವ ಯೋಚನೆ ಅವನದು. ಶುರುವಿಗೆ 10 ಲಕ್ಷ ಹಾಕಬೇಕು. ವರ್ಷ ತುಂಬುವಷ್ಟರಲ್ಲಿ ಖರ್ಚೆಲ್ಲ ಕಳೆದು 25 ಲಕ್ಷ ಕೈಗೆ ಬರುತ್ತದೆ. ಎರಡನೇ ವರ್ಷದ ಕೊನೆಗೆ ಗುಂಡಿಗೆ ಮಣ್ಣು ತುಂಬಿಸಿ, ಮಟ್ಟ ಮಾಡಿಸಿ, ಹೊಲವನ್ನು ಮತ್ತೆ ಬೇಸಾಯಕ್ಕೆ ತರುವುದಕ್ಕೆ 15.6 ಲಕ್ಷ ಬೇಕು. ಕೆಳಗೆ ಐಆರ್‌ಆರ್ ಶೇ 20 ಅಂತ ಬಂದಿತ್ತು (ಇಂಟರ್ನಲ್ ರೇಟ್ ಆಫ್ ರಿಟರ್ನ್, ಹಾಕಿದ ದುಡ್ಡಿನ ಮೇಲೆ ವರ್ಷಕ್ಕೆ ಎಷ್ಟು ಬರುತ್ತದೆ ಅಂತ ಜನ ನೋಡುವ ದರ), ಆ 20ಕ್ಕೆ ಪೆನ್ನಿನಲ್ಲಿ ಎರಡು ಸುತ್ತು ಹಾಕಿದ್ದ.

"ಬ್ಯಾಂಕಿನವ್ರು 12ಕ್ಕೆ ಕೊಡ್ತಾರೆ, ಇಲ್ಲಿ 20 ಬರ್ತದೆ. ಎಂಟು ಪರ್ಸೆಂಟ್ ಉಳೀತದಲ್ಲಪ್ಪ, ಇನ್ನೇನು ಯೋಚ್ನೆ?" ಅಂದ.

ನಾನು ಅದೇ ಮೂರು ಸಂಖ್ಯೆಗಳನ್ನು ನನ್ನ ಕಂಪ್ಯೂಟರಿನಲ್ಲಿ ಹಾಕಿ, ಐಆರ್‌ಆರ್ ಫಾರ್ಮುಲಾದ ಕೊನೆಯಲ್ಲಿ ಅಂದಾಜು ಕೊಡುವ ಜಾಗ ಇರುತ್ತದಲ್ಲ, ಹೆಚ್ಚಿನವರು ಖಾಲಿ ಬಿಡುವ ಜಾಗ, ಅಲ್ಲಿ ಶೇ 35 ಅಂತ ಬರೆದೆ. ಉತ್ತರ 20 ಹೋಗಿ 30 ಆಯಿತು. ಅಣ್ಣನಿಗೆ ಖುಷಿ. "ನೋಡು, ಇನ್ನೂ ಜಾಸ್ತಿನೇ ಬಂತು!" ಅಂದ. ಖುಷಿಪಡುವ ವಿಷಯ ಅಲ್ಲ ಅದು. ಯಾಕೆ ಅಂತ, ಇಂಥ ಲೆಕ್ಕ ನಿಮ್ಮ ಮುಂದೆ ಬಂದರೆ ಹೇಗೆ ಬಿಡಿಸಬೇಕು ಅಂತ ಇಲ್ಲಿ ಬರೆಯುತ್ತಿದ್ದೇನೆ. ಸಣ್ಣ ಉದ್ದಿಮೆಗಳಿಗೆ ಪ್ರಾಜೆಕ್ಟ್ ರಿಪೋರ್ಟ್ ಮಾಡಿಕೊಡುವುದು ನನ್ನ ಕೆಲಸ. ಈ ಒಂದು ತಪ್ಪಿನಿಂದ ಜನ ಒಳ್ಳೆಯ ಹೊಲ, ಒಳ್ಳೆಯ ದುಡ್ಡು ಕಳೆದುಕೊಳ್ಳಬಾರದು ಅನ್ನುವುದು ನನ್ನ ಆಸೆ.

ಐಆರ್‌ಆರ್ ಅಂದರೆ ಏನು ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇನೆ. ಮುಂದೆ ಬರುವ, ಹೋಗುವ ಹಣವನ್ನೆಲ್ಲ ಯಾವ ಬಡ್ಡಿ ದರದಲ್ಲಿ ಇವತ್ತಿನ ಬೆಲೆಗೆ ಇಳಿಸಿದರೆ ಒಟ್ಟು ಸೊನ್ನೆ ಆಗುತ್ತದೋ ಆ ದರವೇ ಐಆರ್‌ಆರ್. ಶೇ 10 ಹಿಡಿದರೆ ಮುಂದಿನ ವರ್ಷ ಬರುವ 110 ರೂಪಾಯಿಯ ಇವತ್ತಿನ ಬೆಲೆ 100, ಇಳಿಸುವುದು ಅಂದರೆ ಹಾಗೆ. ಹೀಗೆ ಇಳಿಸಿ ಕೂಡಿದ ಒಟ್ಟಿಗೆ ಎನ್‌ಪಿವಿ ಅನ್ನುತ್ತಾರೆ. ಮೊದಲು ಹಾಕಿ ಆಮೇಲೆ ಪಡೆಯುತ್ತಾ ಹೋಗುವ ವ್ಯವಹಾರದಲ್ಲಿ ಅಂಥ ದರ ಒಂದೇ ಇರುತ್ತದೆ, ತಲೆನೋವಿಲ್ಲ. ಹಸು ತಂದು ಹಾಲು ಮಾರಿದ ಹಾಗೆ. ಆದರೆ ಹಾಕಿ, ಪಡೆದು, ಮತ್ತೆ ಹಾಕುವ ಲೆಕ್ಕ ಬಂದಾಗ ಗಣಿತವೇ ಕೈ ಬಿಡುತ್ತದೆ.

ಅಣ್ಣನ ಲೆಕ್ಕವನ್ನೇ ಹತ್ತಿರದಿಂದ ನೋಡೋಣ. ಕಾಗದ, ಪೆನ್ನು ಸಾಕು.

ಮೊದಲು ಶೇ 20 ಹಿಡಿಯಿರಿ. 10 ಲಕ್ಷ ಒಂದು ವರ್ಷಕ್ಕೆ 12 ಲಕ್ಷ ಆಗಬೇಕು. ಬಂದಿದ್ದು 25 ಲಕ್ಷ. 12 ತೆಗೆದರೆ ಕೈಯಲ್ಲಿ 13 ಲಕ್ಷ ಉಳಿಯಿತು. ಮುಂದಿನ ವರ್ಷ 15.6 ಲಕ್ಷ ಕೊಡಬೇಕು. 13 ಲಕ್ಷ 15.6 ಆಗಬೇಕಾದರೆ ಅದು ಶೇ 20ರಲ್ಲಿ ಬೆಳೆಯಬೇಕು. ಸರಿಯಾಗಿ ಕೂತಿತು.

ಈಗ ಶೇ 30 ಹಿಡಿಯಿರಿ. 10 ಲಕ್ಷ 13 ಆಗಬೇಕು. 25ರಲ್ಲಿ 13 ತೆಗೆದರೆ 12 ಲಕ್ಷ. ಅದು ಶೇ 30ರಲ್ಲಿ ಬೆಳೆದರೆ 15.6. ಇದೂ ಸರಿಯಾಗಿ ಕೂತಿತು.

ಏನಾಯಿತು ನೋಡಿದಿರಾ? ಮೊದಲನೇ ವರ್ಷ ಅಣ್ಣ ದುಡ್ಡು ಕೊಟ್ಟವನು, ಗೂಡು ಅವನಿಗೆ ಬಡ್ಡಿ ದುಡಿದು ಕೊಡಬೇಕು. ಎರಡನೇ ವರ್ಷ ಪಾತ್ರ ತಿರುಗಾಮುರುಗಾ. ಹೊಲಕ್ಕೆ ಕೊಡಬೇಕಾದ ದುಡ್ಡು ಅವನ ಕೈಯಲ್ಲಿದೆ, ಅಂದರೆ ಅವನೇ ಸಾಲಗಾರ. ಮೊದಲ ವರ್ಷ ದರ ಜಾಸ್ತಿಯಾದಷ್ಟೂ ಒಳ್ಳೆಯದು. ಎರಡನೇ ವರ್ಷ ದರ ಕಮ್ಮಿಯಾದಷ್ಟೂ ಒಳ್ಳೆಯದು. ಐಆರ್‌ಆರ್ ಅನ್ನುವುದು ಈ ಎರಡು ಬೇರೆ ಬೇರೆ ಕೆಲಸಕ್ಕೆ ಒಂದೇ ದರ ಕೇಳುತ್ತದೆ. ಹಾಗಾಗಿ "20 ಸರಿಯೋ 30 ಸರಿಯೋ" ಅಂತ ಕೂತು ತಲೆ ಕೆಡಿಸಿಕೊಳ್ಳಬೇಡಿ. ಎರಡೂ ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲ. ಕೈಯಲ್ಲಿರುವ 13 ಲಕ್ಷವನ್ನು ಅಣ್ಣ ಎಲ್ಲಿಟ್ಟರೆ ಒಂದು ವರ್ಷಕ್ಕೆ ಶೇ 20 ಬರುತ್ತದೆ ಹೇಳಿ? ಅಂಥ ಜಾಗ ಅವನಿಗೆ ಗೊತ್ತಿದ್ದರೆ ಇಟ್ಟಿಗೆ ಗೂಡೇ ಬೇಕಿರಲಿಲ್ಲ.

ಇದು ಹೊಸ ತೊಡಕೇನಲ್ಲ. 1955ರಲ್ಲೇ ಅಮೆರಿಕದ ಜೇಮ್ಸ್ ಲೋರಿ ಮತ್ತು ಲಿಯೊನಾರ್ಡ್ ಸ್ಯಾವೇಜ್ ಇದರ ಬಗ್ಗೆ ಬರೆದಿದ್ದರು. ಫೈನಾನ್ಸ್ ಓದಿದವರು ಎಣ್ಣೆ ಬಾವಿಯ ಪಂಪಿನ ಲೆಕ್ಕ ಒಮ್ಮೆಯಾದರೂ ಮಾಡಿರುತ್ತಾರೆ. 1,600 ಡಾಲರ್ ಜಾಸ್ತಿ ಹಾಕಿ ದೊಡ್ಡ ಪಂಪು ಕೂರಿಸಿದರೆ, ಎರಡನೇ ವರ್ಷ ಬರಬೇಕಿದ್ದ 10,000 ಡಾಲರಿನ ಎಣ್ಣೆ ಮೊದಲನೇ ವರ್ಷವೇ ಬಂದುಬಿಡುತ್ತದೆ. ಬಾವಿಯಲ್ಲಿರುವ ಎಣ್ಣೆ ಮಾತ್ರ ಅಷ್ಟೇ. ಹಾಗಾಗಿ ಹೆಚ್ಚುವರಿ ಲೆಕ್ಕ ಹೀಗಾಯಿತು: ಮೈನಸ್ 1,600, ಪ್ಲಸ್ 10,000, ಮೈನಸ್ 10,000. ಐಆರ್‌ಆರ್ ಎರಡು, ಶೇ 25 ಮತ್ತು ಶೇ 400. ನಮ್ಮ ಕಡೆ ಬೋರ್‌ವೆಲ್‌ಗೆ ದೊಡ್ಡ ಮೋಟರ್ ಇಳಿಸಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಕೆಳಗೆ ಇರುವ ನೀರು ಜಾಸ್ತಿಯಾಗುವುದಿಲ್ಲ, ಬೇಗ ಮೇಲೆ ಬರುತ್ತದೆ ಅಷ್ಟೇ.

ಇನ್ನು ಮಾಡುವ ರೀತಿ.

ಮೊದಲ ಕೆಲಸ, ಫಾರ್ಮುಲಾ ಮುಟ್ಟುವ ಮುಂಚೆ ಪ್ಲಸ್ಸು ಮೈನಸ್ಸು ಎಣಿಸುವುದು. ವರ್ಷವಾರು ಹಣವನ್ನು ಸಾಲಾಗಿ ಬರೆಯಿರಿ. ಗುರುತು ಎಷ್ಟು ಸಲ ಬದಲಾಯಿತು ನೋಡಿ. ಅಣ್ಣನದು ಮೈನಸ್, ಪ್ಲಸ್, ಮೈನಸ್. ಎರಡು ಸಲ ಬದಲಾಯಿತು. ಫ್ರಾನ್ಸಿನ ರೆನೆ ಡೆಕಾರ್ಟ್ 1637ರಲ್ಲಿ ಕೊಟ್ಟ ನಿಯಮದ ಪ್ರಕಾರ ಗುರುತು ಎಷ್ಟು ಸಲ ಬದಲಾಗುತ್ತದೋ ಉತ್ತರಗಳು ಹೆಚ್ಚೆಂದರೆ ಅಷ್ಟು ಇರಬಹುದು, ಇಲ್ಲವಾದರೆ ಅದಕ್ಕಿಂತ ಎರಡು, ನಾಲ್ಕು ಹೀಗೆ ಜೋಡಿ ಜೋಡಿಯಾಗಿ ಕಮ್ಮಿ. ಅಂದರೆ ಎರಡು ಸಲ ಬದಲಾದರೆ ಎರಡು ಉತ್ತರ, ಇಲ್ಲವೇ ಉತ್ತರವೇ ಇಲ್ಲ. "ಉತ್ತರವೇ ಇಲ್ಲ" ಅನ್ನುವುದನ್ನು ಮರೆಯಬೇಡಿ, ಅದು ಮುಂದೆ ಬರುತ್ತದೆ.

ಎರಡು ಸಲ ಬದಲಾಯಿತು ಅಂದ ಕೂಡಲೇ ಗಾಬರಿಯೂ ಬೇಡ. ಕೂಡುತ್ತಾ ಹೋಗಿ ನೋಡಿ. ಉದಾಹರಣೆಗೆ ಮೈನಸ್ 10, ಪ್ಲಸ್ 6, ಪ್ಲಸ್ 8, ಮೈನಸ್ 1 ಲಕ್ಷ ಅಂತ ಇಟ್ಟುಕೊಳ್ಳಿ. ಕೂಡಿದರೆ ಮೈನಸ್ 10, ಮೈನಸ್ 4, ಪ್ಲಸ್ 4, ಪ್ಲಸ್ 3. ಇಲ್ಲಿ ಗುರುತು ಒಂದೇ ಸಲ ಬದಲಾಯಿತು. ಹೀಗೆ ಕೂಡಿದ ಸಾಲು ಮೈನಸ್‌ನಲ್ಲಿ ಶುರುವಾಗಿ, ಒಂದೇ ಸಲ ತಿರುಗಿ, ಕೊನೆಗೆ ಪ್ಲಸ್‌ನಲ್ಲಿ ನಿಂತರೆ ಸೊನ್ನೆಗಿಂತ ಮೇಲಿನ ಐಆರ್‌ಆರ್ ಒಂದೇ ಇರುತ್ತದೆ. 1972ರಲ್ಲಿ ನಾರ್‌ಸ್ಟ್ರೋಮ್ ಅನ್ನುವವರು ತೋರಿಸಿಕೊಟ್ಟ ಪರೀಕ್ಷೆ ಇದು. ಈ ಲೆಕ್ಕದಲ್ಲಿ ಅದು ಸುಮಾರು ಶೇ 19.8, ಧೈರ್ಯವಾಗಿ ಬಳಸಬಹುದು. ಅಣ್ಣನ ಲೆಕ್ಕ ಕೂಡಿದರೆ ಮೈನಸ್ 10, ಪ್ಲಸ್ 15, ಮೈನಸ್ 0.6. ಎರಡು ಸಲ ತಿರುಗಿತು, ಜೊತೆಗೆ ಕೊನೆಗೆ ನಿಂತಿದ್ದೇ ಮೈನಸ್‌ನಲ್ಲಿ. ಇಷ್ಟು ನೋಡಿದ ಮೇಲೂ ಶೇ 20 ಲಾಭ ಅಂತ ನಂಬಿದ್ದನಲ್ಲ ಅನ್ನುವುದೇ ನನಗೆ ನೋವು. ಎರಡು ವರ್ಷಕ್ಕೆ ಬಂದಿದ್ದು 25, ಹೋಗಿದ್ದು 25.6. ಬಡ್ಡಿ ಮಾತು ಬಿಡಿ, ಅಸಲೇ 60 ಸಾವಿರ ಕಮ್ಮಿ!

ಪರೀಕ್ಷೆಯಲ್ಲಿ ಲೆಕ್ಕ ಫೇಲಾದರೆ ಐಆರ್‌ಆರ್ ಒಂದನ್ನೇ ನೆಚ್ಚಬೇಡಿ. ಒಂದು ಕಾಲಂನಲ್ಲಿ 0, 5, 10 ಹೀಗೆ 40ರವರೆಗೆ ದರ ಬರೆದು, ಪಕ್ಕದಲ್ಲಿ ಆಯಾ ದರಕ್ಕೆ ಎನ್‌ಪಿವಿ ತೆಗೆಯಿರಿ. ಇಲ್ಲಿ ಬಹಳ ಜನ ಜಾರುವ ಒಂದು ಜಾಗ ಇದೆ. ಎಕ್ಸೆಲ್‌ನ ಎನ್‌ಪಿವಿ ಫಾರ್ಮುಲಾ ನೀವು ಕೊಡುವ ಮೊದಲನೇ ಸಂಖ್ಯೆಯನ್ನೇ ಒಂದು ವರ್ಷ ಆದಮೇಲಿನ ಹಣ ಅಂತ ತಿಳಿದುಕೊಳ್ಳುತ್ತದೆ. ಅದಕ್ಕೇ ಇವತ್ತು ಹಾಕುವ 10 ಲಕ್ಷವನ್ನು ಫಾರ್ಮುಲಾದ ಒಳಗೆ ಸೇರಿಸಬಾರದು. ಮುಂದಿನ ವರ್ಷಗಳ ಹಣವನ್ನು ಮಾತ್ರ ಒಳಗೆ ಕೊಟ್ಟು, ಬಂದ ಉತ್ತರಕ್ಕೆ ಮೈನಸ್ 10 ಲಕ್ಷವನ್ನು ಹೊರಗಿನಿಂದ ಕೂಡಿಸಬೇಕು.

ಅಣ್ಣನ ಲೆಕ್ಕ ಹೀಗೆ ಬಂತು. ಶೇ 0ಕ್ಕೆ ಮೈನಸ್ 60,000. ಶೇ 5ಕ್ಕೆ ಮೈನಸ್ 34,000. ಶೇ 10ಕ್ಕೆ ಮೈನಸ್ 16,500. ಶೇ 15ಕ್ಕೆ ಮೈನಸ್ 5,700. ಶೇ 20ಕ್ಕೆ ಸೊನ್ನೆ. ಶೇ 25ಕ್ಕೆ ಪ್ಲಸ್ 1,600. ಶೇ 30ಕ್ಕೆ ಮತ್ತೆ ಸೊನ್ನೆ. 35ಕ್ಕೆ ಮೈನಸ್ 4,100, 40ಕ್ಕೆ ಮೈನಸ್ 10,200. ಇದನ್ನು ಚಾರ್ಟ್ ಮಾಡಿದರೆ, ನೀರು ನಿಂತ ಗದ್ದೆಯಲ್ಲಿ ಬದುವಿನ ತಲೆ ಸ್ವಲ್ಪ ಕಂಡಂತೆ, ಗೆರೆ 20ರ ಹತ್ತಿರ ಮೇಲೆ ಬಂದು 30ರ ಹತ್ತಿರ ಮುಳುಗುತ್ತದೆ. ಮೇಲೆ ಬಂದಿದ್ದಾದರೂ ಎಷ್ಟು? 10 ಲಕ್ಷ ಹಾಕಿದ ಕೆಲಸದಲ್ಲಿ ಬರೀ 1,600 ರೂಪಾಯಿ. ಬ್ಯಾಂಕಿನ ಶೇ 12ಕ್ಕೆ ಎನ್‌ಪಿವಿ ಸುಮಾರು ಮೈನಸ್ 11,500. "ಐಆರ್‌ಆರ್ ಬ್ಯಾಂಕ್ ಬಡ್ಡಿಗಿಂತ ಜಾಸ್ತಿ ಇದ್ದರೆ ಕೆಲಸ ಹಿಡಿ" ಅನ್ನುವ ನಿಯಮ ಇಲ್ಲಿ ತಲೆಕೆಳಗಾಯಿತು. 12ಕ್ಕೆ ಸಾಲ ತಂದರೆ ನಷ್ಟ, 25ಕ್ಕೆ ತಂದರೆ ಲಾಭ ಅಂತ ಲೆಕ್ಕ ಹೇಳುತ್ತಿದೆ. ಹಾಗೆ ಹೇಳಲು ಕಾರಣ ಅದೇ ಎರಡನೇ ವರ್ಷ. ದರ ಜಾಸ್ತಿಯಾದಷ್ಟೂ ಗುಂಡಿ ಮುಚ್ಚುವ ಖರ್ಚು ಇವತ್ತಿನ ಬೆಲೆಯಲ್ಲಿ ಚಿಕ್ಕದಾಗಿ ಕಾಣುತ್ತದೆ.

ಟೇಬಲ್ ಆದಮೇಲೆ ನಾನು ಮಾಡುವುದು ಎರಡು ಕೆಲಸಕ್ಕೆ ಎರಡು ದರ ಕೊಡುವುದು. ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ ಇದು, ಹಳ್ಳಿಯಲ್ಲಿ ಯಾರಿಗೆ ಹೇಳಿದರೂ ಅರ್ಥವಾಗುತ್ತದೆ. ಕೊನೆಗೆ ಕೊಡಬೇಕಾದ ಹಣವನ್ನು ಬಂದ ಹಣದಲ್ಲೇ ಎತ್ತಿಡಿ. ಎತ್ತಿಟ್ಟ ಹಣಕ್ಕೆ ನಿಜವಾಗಿ ಎಷ್ಟು ಬಡ್ಡಿ ಸಿಗುತ್ತದೋ ಅಷ್ಟೇ ಹಾಕಿ. ಎಫ್‌ಡಿಯಲ್ಲಿ ಶೇ 7 ಅಂತ ಇಟ್ಟುಕೊಳ್ಳೋಣ. 15.6 ಲಕ್ಷ ಬೇಕಾದರೆ ಒಂದು ವರ್ಷ ಮುಂಚೆ 14.58 ಲಕ್ಷ ಇಡಬೇಕು. 25ರಲ್ಲಿ ಅದನ್ನು ತೆಗೆದರೆ 10.42 ಲಕ್ಷ. ಈಗ ಲೆಕ್ಕದಲ್ಲಿ ಉಳಿದಿದ್ದು ಎರಡೇ ಸಂಖ್ಯೆ: ಹಾಕಿದ್ದು 10, ಬಂದಿದ್ದು 10.42. ಗುರುತು ಒಂದೇ ಸಲ ಬದಲಾಗುತ್ತದೆ, ಉತ್ತರವೂ ಒಂದೇ. ಶೇ 4.2.

20 ಅಲ್ಲ, 30 ಅಲ್ಲ, 4.2. ಶೇ 12ರ ಸಾಲಕ್ಕೆ ವರ್ಷದ ಕೊನೆಗೆ 11.2 ಲಕ್ಷ ಕಟ್ಟಬೇಕು, ಕೈಯಲ್ಲಿ 10.42. ಸುಮಾರು 78 ಸಾವಿರ ಕೈಯಿಂದ ಹೋಗುತ್ತದೆ. ಅಣ್ಣ ಇದನ್ನು ನೋಡಿ ಬಹಳ ಹೊತ್ತು ಸುಮ್ಮನೆ ಕೂತಿದ್ದ.

ಒಂದು ಮಾತು. ಅಣ್ಣನಿಗೆ ಬೇರೆ ಯಾವುದೋ ಶೇ 12ರ ಸಾಲ ಇದ್ದು, ಎತ್ತಿಡಬೇಕಾದ ಹಣದಿಂದ ಅದನ್ನು ತೀರಿಸಿಕೊಂಡರೆ ಆ ಹಣ ಅವನಿಗೆ ಶೇ 12 ದುಡಿದಂತೆಯೇ. ಆಗ 7ರ ಬದಲು 12 ಹಾಕಬೇಕು. ನೀವು ಎತ್ತಿಟ್ಟ ಹಣ ನಿಜವಾಗಿ ಏನು ಮಾಡುತ್ತದೆ ಅನ್ನುವುದನ್ನು ನೀವೇ ಪ್ರಾಮಾಣಿಕವಾಗಿ ಹೇಳಬೇಕು. ಎಕ್ಸೆಲ್‌ಗೆ ಅದು ಗೊತ್ತಿಲ್ಲ.

ಎಂಐಆರ್‌ಆರ್ (ಮಾಡಿಫೈಡ್ ಐಆರ್‌ಆರ್, ಅಂದರೆ ತಿದ್ದಿದ ಐಆರ್‌ಆರ್) ಅನ್ನುವ ಫಾರ್ಮುಲಾ ಕೂಡ ಎಕ್ಸೆಲ್‌ನಲ್ಲಿ ಇದೆ. ಹಣದ ಸಾಲು ಕೊಟ್ಟು, ಮೊದಲು ಸಾಲದ ದರ, ಆಮೇಲೆ ಬಂದ ಹಣವನ್ನು ಮತ್ತೆ ಹೂಡುವ ದರ ಕೊಡಬೇಕು, ಈ ಕ್ರಮ ತಪ್ಪಿಸಬೇಡಿ. ಅಣ್ಣನ ಲೆಕ್ಕಕ್ಕೆ 12 ಮತ್ತು 7 ಕೊಟ್ಟರೆ ಸುಮಾರು ಶೇ 9.2 ಬರುತ್ತದೆ. ಎರಡೂ 12 ಕೊಟ್ಟರೆ 11.7. ಎರಡೂ 12ಕ್ಕಿಂತ ಕಮ್ಮಿ, ಅಂದರೆ ಬೇಡ ಅನ್ನುವ ತೀರ್ಮಾನ ಸರಿಯಾಗಿಯೇ ಬರುತ್ತದೆ. ಬ್ಯಾಂಕಿನವರು ಒಂದೇ ಶೇಕಡಾ ಸಂಖ್ಯೆ ಕೇಳಿದರೆ ಇದನ್ನೇ ಕೊಡಿ. ನನಗೆ ಮಾತ್ರ ಎತ್ತಿಡುವ ಲೆಕ್ಕವೇ ಮೇಲು ಅನ್ನಿಸುತ್ತದೆ, ಯಾಕೆಂದರೆ ಎಂಐಆರ್‌ಆರ್ ಎರಡನೇ ವರ್ಷದ ಖರ್ಚನ್ನು ಸಾಲದ ದರದಲ್ಲಿ ಇಳಿಸಿ ಅದನ್ನು ಇರುವುದಕ್ಕಿಂತ ಹಗುರ ಮಾಡಿಬಿಡುತ್ತದೆ.

"ನಮ್ಮದು ಇಟ್ಟಿಗೆ ಗೂಡಲ್ಲ, ನಮಗ್ಯಾಕೆ ಇದು" ಅಂತ ಅಂದುಕೊಂಡಿದ್ದರೆ, ಚೀಟಿ ಹಾಕಿದ್ದೀರಾ? ಹಾಗಾದರೆ ಇದು ನಿಮ್ಮದೇ ಲೆಕ್ಕ. ಕೆಲವು ತಿಂಗಳು ಕಟ್ಟುತ್ತೀರಿ, ನಡುವೆ ಚೀಟಿ ಎತ್ತುತ್ತೀರಿ, ಆಮೇಲೆ ಮತ್ತೆ ಕಟ್ಟುತ್ತೀರಿ. ಮೈನಸ್, ಪ್ಲಸ್, ಮೈನಸ್.

ಪರಿಚಯದ 11 ಜನ ಸೇರಿ ತಿಂಗಳಿಗೆ 10,000ದಂತೆ 1,10,000 ರೂಪಾಯಿಯ ಚೀಟಿ ಹಾಕಿದ್ದಾರೆ ಅಂದುಕೊಳ್ಳಿ. ನೀವು ಆರನೇ ತಿಂಗಳು 8,000 ಬಿಟ್ಟು ಕೂಗಿ 1,02,000ಕ್ಕೆ ಎತ್ತಿದಿರಿ. ತಿಂಗಳಿಗೆ 10,000 ಕಟ್ಟಿದ ಹಾಗೆ ಎಕ್ಸೆಲ್‌ನಲ್ಲಿ ಹಾಕಿ ಐಆರ್‌ಆರ್ ಕೇಳಿದರೆ '#NUM!' ಅನ್ನುವ ಎರರ್ ಬರುತ್ತದೆ. ಎಕ್ಸೆಲ್ ಶೇ 10ರಿಂದ ಶುರುಮಾಡಿ 20 ಸಲ ಹುಡುಕಿ ಸಿಗದಿದ್ದರೆ ಈ ಎರರ್ ಕೊಡುತ್ತದೆ. ಕೆಲವು ಸಲ ಅಂದಾಜು ಬದಲಿಸಿದರೆ ಉತ್ತರ ಸಿಗುತ್ತದೆ. ಇಲ್ಲಿ ಎಷ್ಟು ಬದಲಿಸಿದರೂ ಸಿಗುವುದಿಲ್ಲ, ಯಾಕೆಂದರೆ ಉತ್ತರವೇ ಇಲ್ಲ. ಆರನೇ ತಿಂಗಳು ಸರಿಯಾಗಿ ನಡುಮಧ್ಯ, ಹಿಂದೆ ಐದು ಕಂತು, ಮುಂದೆ ಐದು ಕಂತು. ಯಾವ ದರ ಹಿಡಿದರೂ ಹಿಂದಿನ ಕಂತು ಬೆಳೆದಿದ್ದು, ಮುಂದಿನ ಕಂತು ಕುಗ್ಗಿದ್ದಕ್ಕಿಂತ ಜಾಸ್ತಿಯೇ ಆಗುತ್ತದೆ. ಹಾಗಾಗಿ ಕಟ್ಟಿದ್ದರ ಬೆಲೆ ಎಂದೂ 1,10,000ಕ್ಕಿಂತ ಕೆಳಗೆ ಬರುವುದಿಲ್ಲ, ಕೈಗೆ ಬಂದಿದ್ದು ಮಾತ್ರ 1,02,000.

ಆದರೆ ಯಾರೂ ಪೂರ್ತಿ 10,000 ಕಟ್ಟುವುದಿಲ್ಲ ಅಲ್ವಾ? ಬೇರೆಯವರು ಬಿಟ್ಟ ದುಡ್ಡು ಹಂಚಿಕೆಯಾಗಿ ಕಂತು ಇಳಿಯುತ್ತದೆ. ಪ್ರತಿ ತಿಂಗಳು 800 ಇಳಿದು 9,200 ಕಟ್ಟಿದಿರಿ ಅನ್ನೋಣ. ಈಗ ಐಆರ್‌ಆರ್ ಬರುತ್ತದೆ, ಎರಡು! ಅಂದಾಜಿನ ಜಾಗದಲ್ಲಿ ಶೇ 5 ಕೊಟ್ಟರೆ ತಿಂಗಳಿಗೆ ಸುಮಾರು ಶೇ 4. ಮೈನಸ್ 5 ಕೊಟ್ಟರೆ ಸುಮಾರು ಮೈನಸ್ 3.9. ಒಂದು ಸಂಖ್ಯೆ ಕಂಡು ಚೀಟಿ ಹಾಕಿದವರು ಹಿಗ್ಗುತ್ತಾರೆ, ಇನ್ನೊಂದು ಕಂಡು ಬೈಯುತ್ತಾರೆ.

ಎರಡನ್ನೂ ಬಿಡಿ. ಮೊದಲ ಐದು ಕಂತು ನಿಮ್ಮ ಉಳಿತಾಯ. ಅದೇ ದುಡ್ಡನ್ನು ಆರ್‌ಡಿಗೆ ಕಟ್ಟಿದ್ದರೆ ತಿಂಗಳಿಗೆ ಅರ್ಧ ಪರ್ಸೆಂಟ್ ಸಿಗುತ್ತಿತ್ತು ಅಂದರೆ ಆರನೇ ತಿಂಗಳಿಗೆ ಸುಮಾರು 46,700 ಆಗುತ್ತಿತ್ತು. ಆ ತಿಂಗಳ ಕಂತು 9,200. ಈ ಎರಡನ್ನೂ 1,02,000ದಲ್ಲಿ ತೆಗೆದರೆ ಉಳಿದ 46,100 ನಿಮಗೆ ಸಿಕ್ಕ ಸಾಲ. ಅದಕ್ಕೆ ಮುಂದೆ ಐದು ತಿಂಗಳಲ್ಲಿ ಕಟ್ಟುವುದು 46,000. ಬಡ್ಡಿಯಿಲ್ಲದ ಸಾಲ ಅನ್ನಿ. ಅಂಗಡಿಗೆ ಮಾಲು ತರಲು ಆ ಹಣ ಬೇಕಿತ್ತು ಅಂದರೆ ಒಳ್ಳೆಯ ಚೀಟಿ. ನೋಂದಣಿಯಾದ ಚೀಟಿಯಲ್ಲಿ ನಡೆಸುವವರ ಕಮಿಷನ್ ಕೂಡ ಇರುತ್ತದೆ. 2019ರ ತಿದ್ದುಪಡಿ ಅದರ ಮಿತಿಯನ್ನು ಶೇ 5ರಿಂದ ಶೇ 7ಕ್ಕೆ ಏರಿಸಿದೆ. ಅದು ನಿಮ್ಮ ಹಂಚಿಕೆಯಲ್ಲೇ ಕಳೆದುಹೋಗುವುದರಿಂದ, ನಡುವೆ ಎತ್ತಿದವರಿಗೆ ಐಆರ್‌ಆರ್ ಸಿಗದೇ ಎರರ್ ಬರುವುದು ಇನ್ನೂ ಜಾಸ್ತಿ. ಎರರ್ ಬಂತು ಅಂತ ಚೀಟಿ ಕೆಟ್ಟದ್ದು ಅಂತಲ್ಲ. ಹೀಗೆ ಎರಡು ಭಾಗ ಮಾಡಿ ಸಾಲದ ಬಡ್ಡಿ ಎಷ್ಟು ಬಿತ್ತು ಅಂತ ನೋಡಿ, ಬೇರೆ ಕಡೆ ಸಿಗುವ ಸಾಲದ ಜೊತೆ ಹೋಲಿಸಿ.

ಮತ್ತೆ ಅಣ್ಣನ ಗೂಡಿಗೆ ಬರುತ್ತೇನೆ. ಗುಂಡಿ ಮುಚ್ಚುವ ಖರ್ಚನ್ನು ಸ್ವಲ್ಪ ಅಲುಗಿಸಿ ನೋಡಿದೆವು. 15.6ರ ಬದಲು 15.7 ಲಕ್ಷ, ಹತ್ತೇ ಸಾವಿರ ಜಾಸ್ತಿ, ಅಂದರೆ ಐಆರ್‌ಆರ್ ಮಾಯ, ಯಾವ ದರಕ್ಕೂ ಸೊನ್ನೆ ಆಗುವುದಿಲ್ಲ. 14.7 ಲಕ್ಷಕ್ಕೆ ಇಳಿಸಿದರೆ ಒಂದು ಐಆರ್‌ಆರ್ ಶೇ 55.4, ಇನ್ನೊಂದು ಮೈನಸ್ 5.4. ಒಂದು ಲಕ್ಷದ ಹೆಚ್ಚುಕಮ್ಮಿಗೆ ಹೀಗೆ ಕುಣಿಯುವ ಸಂಖ್ಯೆಯನ್ನು ನಂಬಿ ಯಾರಾದರೂ ಸಾಲ ಮಾಡುತ್ತಾರಾ? ಎತ್ತಿಡುವ ಲೆಕ್ಕದಲ್ಲಿ ನೋಡಿ: 14.7 ಲಕ್ಷ ಆದರೆ ಉಳಿಯುವುದು 11.26 ಲಕ್ಷ, ಅಂದರೆ ಶೇ 12.6. ಮೆಲ್ಲಗೆ ಬದಲಾಯಿತು, ಅರ್ಥವೂ ಆಯಿತು.

ಹಾಗೆಯೇ ಹಿಂದಕ್ಕೆ ಲೆಕ್ಕ ಹಾಕಿದರೆ ಶೇ 12ರ ಸಾಲ ತೀರಿಸಿ ಕೈ ಸುಟ್ಟುಕೊಳ್ಳದೆ ಇರಬೇಕಾದರೆ ಮುಚ್ಚುವ ಖರ್ಚು 14.76 ಲಕ್ಷ ದಾಟಬಾರದು. 11.2 ಲಕ್ಷ ಸಾಲಕ್ಕೆ, ಉಳಿದ 13.8 ಲಕ್ಷ ಎಫ್‌ಡಿಗೆ, ಅದು ವರ್ಷಕ್ಕೆ ಬೆಳೆದರೆ ಅಷ್ಟೇ. ಅಣ್ಣ ಆ ಸಂಖ್ಯೆಯನ್ನು ಪ್ರಿಂಟಿನ ಹಿಂದೆ ದೊಡ್ಡದಾಗಿ ಬರೆದುಕೊಂಡ, 20ರ ಮೇಲೆ ಅಡ್ಡಗೆರೆ ಎಳೆದ. ಹೋದ ವಾರ ಜೆಸಿಬಿಯವರನ್ನೂ ಟಿಪ್ಪರ್‌ನವರನ್ನೂ ಕೇಳಿದ್ದಾನೆ. ಊರ ಕೆರೆ ಹೂಳು ತೆಗೆಯುವಾಗಲೇ ಮಣ್ಣು ಹೊಡೆಸಿದರೆ ದೂರ ಕಮ್ಮಿಯಾಗಿ ಟ್ರಿಪ್ಪಿನ ರೇಟು ಇಳಿಯುತ್ತದಂತೆ. ಅವರು ಬರೆದುಕೊಡುವ ರೇಟು 14.76 ಲಕ್ಷದೊಳಗೆ ಬರುವವರೆಗೂ ಸಾಲದ ಅರ್ಜಿಗೆ ಸಹಿ ಹಾಕಬೇಡ ಅಂತ ಹೇಳಿದ್ದೇನೆ.